ಟೆಂಡರ್ ತೆರೆದ ಮೇಲೆ: ಬೆಂಗಳೂರಿನ ಪಾಲಿಕೆ ಗುತ್ತಿಗೆಗಳು ಮತ್ತು ಪಾರದರ್ಶಕತೆಯ ಮಿತಿ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಜಾರಿಗೆ ಬಂದದ್ದು 2000ದ ಅಕ್ಟೋಬರ್ 4ರಂದು. ಅದಕ್ಕೆ ಸ್ವಲ್ಪ ಮುಂಚೆ, 1998ರಲ್ಲಿ, ತಮಿಳುನಾಡು ಇಂಥದೇ ಕಾನೂನು ಮಾಡಿತ್ತು. ಕೇಂದ್ರ ಸರ್ಕಾರ 2012ರಲ್ಲಿ ಲೋಕಸಭೆಯ ಮುಂದಿಟ್ಟ ಸಾರ್ವಜನಿಕ ಸಂಗ್ರಹಣೆ ಮಸೂದೆ ಅಂಗೀಕಾರ ಕಾಣದೆ ಬಿದ್ದುಹೋಯಿತು. ಸರ್ಕಾರಿ ಖರೀದಿಯನ್ನು ಇಲಾಖಾ ಸುತ್ತೋಲೆಗಳ ಕೈಯಿಂದ ಬಿಡಿಸಿ ಶಾಸನದ ಹಿಡಿತಕ್ಕೆ ತಂದ ಮೊದಲಿಗರಲ್ಲಿ ಕರ್ನಾಟಕವೂ ಒಂದು ಎಂಬುದು ಸಣ್ಣ ಮಾತಲ್ಲ. ಆದರೂ ಈ ಕಾಯ್ದೆಯ ನೆರಳಲ್ಲೇ ಬೆಳೆದ ಬೆಂಗಳೂರಿನ ರಸ್ತೆ, ಚರಂಡಿ, ಕಸ ವಿಲೇವಾರಿ ಗುತ್ತಿಗೆಗಳ ಮೇಲೆ ಜನರಿಗೆ ನಂಬಿಕೆ ಹುಟ್ಟಲಿಲ್ಲ. ಭ್ರಷ್ಟಾಚಾರ ಎಂಬ ಒಂದೇ ಉತ್ತರದಿಂದ ಇದು ಪೂರ್ತಿ ವಿವರಣೆಯಾಗುವುದಿಲ್ಲ. ಕಾಯ್ದೆ ಬೆಳಕು ಚೆಲ್ಲುವುದು ಟೆಂಡರ್ ಪ್ರಕಟಣೆಯಿಂದ ಅಂಗೀಕಾರದವರೆಗಿನ ಕೆಲವು ವಾರಗಳ ಮೇಲೆ. ಗುತ್ತಿಗೆಯ ಗುಣಮಟ್ಟ ತೀರ್ಮಾನವಾಗುವುದೋ ಅದಕ್ಕೂ ಮುಂಚೆ ಅಂದಾಜು ಪಟ್ಟಿ ಬರೆಯುವಾಗ, ಇಲ್ಲವೇ ಆಮೇಲೆ ಅಳತೆ ಪುಸ್ತಕ ತುಂಬುವಾಗ ಮತ್ತು ಬಿಲ್ ಪಾವತಿಸುವಾಗ. ಈ ವಾದವನ್ನು ಬೆಂಗಳೂರಿನ ಅನುಭವದ ಆಧಾರದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾಯ್ದೆಯಲ್ಲಿ ಏನಿದೆ ಎಂಬುದನ್ನು ನ್ಯಾಯವಾಗಿ ನೋಡಬೇಕು. ಟೆಂಡರ್ ಕರೆಯದೆ ಸರಕು, ಸೇವೆ, ಕಾಮಗಾರಿ ಕೊಳ್ಳುವಂತಿಲ್ಲ ಎಂಬುದು ಸಾಮಾನ್ಯ ವಿಧಿ. ವಿನಾಯಿತಿಗಳೆಲ್ಲ 4ನೇ ಪ್ರಕರಣದಲ್ಲಿವೆ. 2000ದ ನಿಯಮಗಳು ಮೂಲತಃ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶ ಕಡ್ಡಾಯ ಮಾಡಿದವು. ತಾಂತ್ರಿಕ ಅರ್ಹತೆಯ ಲಕೋಟೆ ಮೊದಲು, ದರದ ಲಕೋಟೆ ಆಮೇಲೆ ಎಂಬ ಎರಡು ಲಕೋಟೆ ಪದ್ಧತಿಗೂ ಅವೇ ನಿಯಮಗಳು ಜಾಗ ಮಾಡಿಕೊಟ್ಟವು. ಟೆಂಡರ್ ಒಪ್ಪಿಕೊಂಡ ಪ್ರಾಧಿಕಾರ ತುಲನಾತ್ಮಕ ವಿಶ್ಲೇಷಣೆಯನ್ನೂ ಕಾರಣಗಳನ್ನೂ ದಾಖಲಿಸಬೇಕು. ನೊಂದವರು 16ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. 2007ರಿಂದ ಇ-ಸಂಗ್ರಹಣೆ ವೇದಿಕೆ ಬಂದ ಮೇಲೆ ಟೆಂಡರ್ ಪೆಟ್ಟಿಗೆಯ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಹಳೆಯ ರೂಢಿಗೆ ನೆಲೆ ಇಲ್ಲದಾಯಿತು. ಇವು ನಿಜವಾದ ಗಳಿಕೆಗಳು.

ವಿನಾಯಿತಿಗಳ ಪೈಕಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಯ್ದೆಯ ಶಕ್ತಿಯೂ ದೌರ್ಬಲ್ಯವೂ ಒಟ್ಟಿಗೆ ಕಾಣುತ್ತವೆ. ಒಂದೇ ಮೂಲದಿಂದ ಮಾತ್ರ ಸಿಗುವ ವಸ್ತುವಿಗೆ ಟೆಂಡರ್ ಬೇಡ ಎನ್ನುವ 4(ಬಿ) ಉಪಪ್ರಕರಣ, ಹಾಗೆ ಘೋಷಿಸುವ ಮುನ್ನ ಮೂವರು ತಜ್ಞರ ಸಮಿತಿ ಪರಿಶೀಲಿಸಬೇಕು ಎನ್ನುತ್ತದೆ. ಖರೀದಿಸುವ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ ಒಬ್ಬರು, ಅದೇ ಬಗೆಯ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯವರೊಬ್ಬರು, ಮೂರನೆಯವರು ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರು. ಅಧಿಕಾರಿಯ ಒಬ್ಬಂಟಿ ಟಿಪ್ಪಣಿಯ ಮೇಲೆ ನಿರ್ಧಾರವಾಗದಂತೆ ಹೊರಗಿನ ಕಣ್ಣೊಂದನ್ನು ಒಳಗೆ ಕೂರಿಸಿದ ಎಚ್ಚರದ ರಚನೆ ಇದು. 4(ಜಿ) ಹಾಗಲ್ಲ. ನಿರ್ದಿಷ್ಟ ಸಂಗ್ರಹಣೆಯೊಂದಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಟ್ಟರೆ ಸಾಕು, ತಜ್ಞ ಸಮಿತಿಯ ಮಾತೇ ಬರುವುದಿಲ್ಲ. ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮದಂಥ ಸರ್ಕಾರಿ ಸಂಸ್ಥೆಗಳಿಗೆ ನಗರದ ಕಾಮಗಾರಿಗಳೂ ಟೆಂಡರಿಲ್ಲದೆ ಹರಿದುಬಂದದ್ದು ಈ ಬಾಗಿಲಿನಿಂದ. ಒಂದೇ ಪ್ರಕರಣದ ಎರಡು ಉಪಪ್ರಕರಣಗಳಿಗೆ ಇಷ್ಟು ಭಿನ್ನವಾದ ಕಾವಲು ಏಕೆ ಎಂಬ ಪ್ರಶ್ನೆಯನ್ನು ಶಾಸಕಾಂಗ ಗಂಭೀರವಾಗಿ ಎತ್ತಿಕೊಳ್ಳಬೇಕಿತ್ತು.

ನ್ಯಾಯಾಲಯಗಳ ಗಮನವೂ ಹೆಚ್ಚಾಗಿ ಟೆಂಡರ್ ಪ್ರಕಟಣೆಯಿಂದ ಅಂಗೀಕಾರದವರೆಗಿನ ನಡುಘಟ್ಟದ ಮೇಲೆಯೇ ನಿಂತಿದೆ. ಮುಂಬಯಿ ವಿಮಾನ ನಿಲ್ದಾಣದ ಉಪಾಹಾರ ಗೃಹದ ಗುತ್ತಿಗೆಯಿಂದ ಹುಟ್ಟಿದ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ (1979) ಸುಪ್ರೀಂ ಕೋರ್ಟು, ತಾನೇ ಪ್ರಕಟಿಸಿದ ಅರ್ಹತೆಯ ಷರತ್ತನ್ನು ಸರ್ಕಾರಿ ಸಂಸ್ಥೆ ಮನಬಂದಂತೆ ಸಡಿಲಿಸಲಾಗದು ಎಂದು ಸಾರಿತು. ಟಾಟಾ ಸೆಲ್ಯುಲರ್ ಪ್ರಕರಣ (1994) ನ್ಯಾಯಾಂಗ ಪರಿಶೀಲನೆಯ ಗಡಿಯನ್ನು ಎಳೆಯಿತು: ನಿರ್ಧಾರಕ್ಕೆ ಬಂದ ಕ್ರಮವನ್ನು ನ್ಯಾಯಾಲಯ ಪರೀಕ್ಷಿಸಬಹುದು, ನಿರ್ಧಾರದ ಬದಲಿಗೆ ತನ್ನದನ್ನು ಇಡಬಾರದು. ಮೀರತ್ ನಗರ ನಿಗಮದ ಪ್ರಕರಣ (2006) ಟೆಂಡರೇ ಸಾಮಾನ್ಯ ಮಾರ್ಗ, ಉಳಿದದ್ದು ಅಪವಾದ ಎಂದಿತು. ಉಜ್ಜಯಿನಿ ಪಾಲಿಕೆಯ ಮನೆಮನೆ ಕಸ ಸಂಗ್ರಹ ಟೆಂಡರಿನ ವಿವಾದದಲ್ಲಿ (2018) ಮೌಲ್ಯಮಾಪನದ ಅಂಕಗಳನ್ನು ಮತ್ತೆ ಲೆಕ್ಕ ಹಾಕುವ ಕೆಲಸಕ್ಕೆ ನ್ಯಾಯಾಲಯ ಇಳಿಯಬಾರದು ಎಂದು ಸುಪ್ರೀಂ ಕೋರ್ಟು ಪಾಲಿಕೆಯ ನಿರ್ಣಯವನ್ನೇ ಎತ್ತಿಹಿಡಿಯಿತು. ಇವೆಲ್ಲ ಯಾರಿಗೆ ಗುತ್ತಿಗೆ ಸಿಗಬೇಕು ಎಂಬ ಜಗಳಗಳು. ಸೋತ ಟೆಂಡರುದಾರ ಕೋರ್ಟಿಗೆ ಹೋಗುತ್ತಾನೆ; ಕೆಟ್ಟ ರಸ್ತೆಯ ಮೇಲೆ ಓಡಾಡುವವನಿಗೆ ಆ ಒಪ್ಪಂದದಲ್ಲಿ ಪಕ್ಷಕಾರನ ಸ್ಥಾನವೇ ಇಲ್ಲ. ನಮ್ಮ ಗುತ್ತಿಗೆ ನ್ಯಾಯಶಾಸ್ತ್ರ ಬೆಳೆದದ್ದು ಸೋತವರ ದೂರುಗಳಿಂದ. ಹೀಗಾಗಿ ಗೆದ್ದವನು ಆಮೇಲೆ ಏನು ಮಾಡಿದ ಎಂಬ ಬಗ್ಗೆ ಅದು ಬಹುಪಾಲು ಮೌನವಾಗಿದೆ.

ಟೆಂಡರಿಗೆ ಮುಂಚಿನ ಹಂತದ ಮಹತ್ವಕ್ಕೆ ಟೆಂಡರ್ ಶ್ಯೂರ್ ರಸ್ತೆಗಳು ಒಳ್ಳೆಯ ಪುರಾವೆ. ಬೆಂಗಳೂರಿನ ಸಾಮಾನ್ಯ ರಸ್ತೆ ಗುತ್ತಿಗೆಯಲ್ಲಿ ಪಾಲಿಕೆ ಕೊಳ್ಳುವುದು ಡಾಂಬರಿನ ಪದರವನ್ನು ಮಾತ್ರ. ಅದರ ಕೆಳಗಿನ ನೀರಿನ ಕೊಳವೆ ಜಲಮಂಡಳಿಯದು, ವಿದ್ಯುತ್ ತಂತಿ ಬೆಸ್ಕಾಂನದು, ಆಪ್ಟಿಕಲ್ ಫೈಬರ್ ಖಾಸಗಿ ಕಂಪನಿಗಳದು. ಒಪ್ಪಂದಕ್ಕೆ ಸಹಿ ಹಾಕಿದ ಗುತ್ತಿಗೆದಾರನಿಗೆ ಇವರ ಮೇಲೆ ಅಧಿಕಾರವಿಲ್ಲ. ಅವರು ಅಗೆದರೆ, ದೋಷಗಳನ್ನು ಅವನೇ ಸರಿಪಡಿಸಿಕೊಡಬೇಕಾದ ದೋಷ ಹೊಣೆಗಾರಿಕೆ ಅವಧಿಯೇ ವಿವಾದಕ್ಕೆ ಬೀಳುತ್ತದೆ. ಹಾಳಾದದ್ದು ಕಳಪೆ ಕೆಲಸದಿಂದಲೋ ಅಗೆತದಿಂದಲೋ ಎಂದು ಯಾರೂ ಸಾಬೀತು ಮಾಡಲಾಗದ ಸ್ಥಿತಿಯಲ್ಲಿ ಹೊಣೆ ಕರಗಿಹೋಗುತ್ತದೆ. ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಟೆಂಡರ್ ಶ್ಯೂರ್ ಮಾರ್ಗಸೂಚಿ ಈ ಗಂಟನ್ನು ಬಿಡಿಸಲು ಹೊರಟದ್ದು ಟೆಂಡರ್ ದಾಖಲೆಯ ಒಳಗಿನಿಂದಲೇ. ಕೊಳವೆ, ಕೇಬಲ್ ನಾಳ, ಮಳೆನೀರು ಚರಂಡಿ, ಪಾದಚಾರಿ ಮಾರ್ಗದ ಅಗಲ, ಸಂಚಾರ ಪಥದ ಏಕರೂಪದ ಅಳತೆ ಎಲ್ಲವನ್ನೂ ಅದು ಒಂದೇ ನಕ್ಷೆ, ಒಂದೇ ಗುತ್ತಿಗೆಯೊಳಗೆ ತಂದಿತು. ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳು ಈ ಕ್ರಮದಲ್ಲಿ ಮೊದಲು ಕಟ್ಟಲ್ಪಟ್ಟವು. ವೆಚ್ಚ ದುಬಾರಿ, ಕೆಲಸ ನಿಧಾನ, ನಗರದ ಹೃದಯಭಾಗಕ್ಕೆ ಮಾತ್ರ ಈ ಭಾಗ್ಯ ಎಂಬ ಟೀಕೆಗಳು ಬಂದವು, ಅವುಗಳಲ್ಲಿ ಹುರುಳಿದೆ. ಆದರೆ ಸಂಶೋಧಕರು ಗಮನಿಸಬೇಕಾದ ಸಂಗತಿ ಬೇರೆ. ಇಲ್ಲಿ ಬದಲಾದದ್ದು ಟೆಂಡರ್ ಪ್ರಕ್ರಿಯೆಯಲ್ಲ. ಕಾಯ್ದೆ ಅದೇ, ನಿಯಮ ಅದೇ, ಕನಿಷ್ಠ ದರದವನಿಗೆ ಕೆಲಸ ಕೊಡುವ ಎಲ್-1 ಪದ್ಧತಿಯೂ ಅದೇ. ಏನನ್ನು ಕೊಳ್ಳುತ್ತಿದ್ದೇವೆ ಎಂಬ ಬರವಣಿಗೆ ಬದಲಾಯಿತು, ಅದರಿಂದ ರಸ್ತೆ ಬದಲಾಯಿತು. ಕಡಿಮೆ ದರ ಕೂಗಿದವನಿಗೆ ಕೆಲಸ ಕೊಡುವುದೇ ಕಳಪೆಗೆ ಮೂಲ ಎಂದು ಎಂಜಿನಿಯರುಗಳು ಮತ್ತೆ ಮತ್ತೆ ಹೇಳುವ ಮಾತನ್ನು ಈ ರಸ್ತೆಗಳು ಒಪ್ಪುವುದಿಲ್ಲ. ವಿವರ ಸಡಿಲವಾಗಿದ್ದಾಗ ಮಾತ್ರ ಕಡಿಮೆ ದರ ಅಪಾಯಕಾರಿ.

ಟೆಂಡರಿನ ನಂತರದ ಹಂತಕ್ಕೆ ಬಂದರೆ, ಕಸದ ಗುತ್ತಿಗೆಗಿಂತ ಕಹಿಯಾದ ಪಾಠ ಬೆಂಗಳೂರಿನಲ್ಲಿ ಇನ್ನೊಂದಿಲ್ಲ. 2000ದ ಸುಮಾರಿಗೆ ಸ್ವಚ್ಛ ಬೆಂಗಳೂರು ಕಾರ್ಯಕ್ರಮದೊಂದಿಗೆ ಮನೆಮನೆ ಸಂಗ್ರಹ ಬಂತು, ಅದರ ಜತೆ ಗುತ್ತಿಗೆ ವ್ಯವಸ್ಥೆಯೂ ವಿಸ್ತರಿಸಿತು. ರಸ್ತೆ ಕಾಮಗಾರಿ ಒಂದು ದಿನ ಮುಗಿಯುತ್ತದೆ. ಕಸ ಎತ್ತುವುದು ಒಂದು ದಿನವೂ ನಿಲ್ಲುವಂತಿಲ್ಲ. ಈ ವ್ಯತ್ಯಾಸವನ್ನು ಕಾಯ್ದೆ ಗುರುತಿಸಲಿಲ್ಲ. ಹೊಸ ಟೆಂಡರ್ ವಿಫಲವಾದಾಗ ಅಥವಾ ತಕರಾರಿಗೆ ಸಿಕ್ಕಾಗ ಹಳೆಯ ಗುತ್ತಿಗೆಯನ್ನೇ ವಿಸ್ತರಿಸದೆ ಪಾಲಿಕೆಗೆ ಗತಿಯಿರಲಿಲ್ಲ. ವಿಸ್ತರಣೆಯ ಮೇಲೆ ವಿಸ್ತರಣೆ ಕೊಡುತ್ತ ಹೋದಂತೆ ಚೌಕಾಸಿಯ ಬಲ ಖರೀದಿಸುವವರಿಂದ ಪೂರೈಸುವವರ ಕಡೆಗೆ ಜಾರಿತು. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಮುಚ್ಚಿ ಬೀದಿಬೀದಿಗಳಲ್ಲಿ ಕಸ ರಾಶಿ ಬಿದ್ದಾಗ, ಮಂಡೂರಿನ ಜನರ ಪ್ರತಿಭಟನೆಯ ನಂತರ 2014ರ ಕೊನೆಗೆ ಅಲ್ಲಿಗೂ ಲಾರಿಗಳು ನಿಂತಾಗ, ಈ ಅವಲಂಬನೆಯ ಆಳ ಎಲ್ಲರಿಗೂ ಕಂಡಿತು. ವಿಂಗಡಣೆ ಕಡ್ಡಾಯ ಎಂದು ಹೈಕೋರ್ಟ್ ಆದೇಶಿಸಿದರೂ, ಗುತ್ತಿಗೆದಾರನಿಗೆ ಹಣ ಸಂದಾಯವಾಗುತ್ತಿದ್ದದ್ದು ವಾಹನ, ಆಳು, ಸಾಗಣೆಯ ಲೆಕ್ಕದಲ್ಲಿ. ಬೆರೆತ ಕಸ ಹೆಚ್ಚಿದಷ್ಟೂ ಸಾಗಣೆ ಹೆಚ್ಚು. ಒಪ್ಪಂದ ಯಾವುದಕ್ಕೆ ಹಣ ಕೊಡುತ್ತದೋ ಅದೇ ನಡೆಯುತ್ತದೆ, ಆದೇಶ ಏನೇ ಹೇಳಲಿ.

ಆಳಿನ ಲೆಕ್ಕದ ಹಿಂದೆ ಮನುಷ್ಯರಿದ್ದರು. ಅವರಲ್ಲಿ ಬಹುಪಾಲು ದಲಿತ ಮಹಿಳೆಯರು. ಪಾಲಿಕೆ ಗುತ್ತಿಗೆದಾರನಿಗೆ ಕೊಟ್ಟ ಕನಿಷ್ಠ ವೇತನ ಪೂರ್ತಿಯಾಗಿ ಪೌರಕಾರ್ಮಿಕರ ಕೈ ಸೇರುತ್ತಿರಲಿಲ್ಲ, ಭವಿಷ್ಯ ನಿಧಿ ಮತ್ತು ಇ.ಎಸ್.ಐ. ವಂತಿಗೆ ಸರಿಯಾಗಿ ಜಮೆಯಾಗುತ್ತಿರಲಿಲ್ಲ ಎಂಬುದು ಅವರ ಸಂಘಟನೆಗಳು ವರ್ಷಗಟ್ಟಲೆ ದಾಖಲಿಸಿದ ದೂರು. 1970ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಈ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿತ್ತು. 2017ರಲ್ಲಿ ಬೆಂಗಳೂರು ಪಾಲಿಕೆ (ಬಿಬಿಎಂಪಿ) ಪೌರಕಾರ್ಮಿಕರ ಮಟ್ಟಿಗೆ ಗುತ್ತಿಗೆಯನ್ನು ಕೈಬಿಟ್ಟು ನೇರ ಪಾವತಿಗೆ ಬಂತು. 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ನೇಮಕದ ಆದೇಶ ಸಿಕ್ಕಿತು. ದಶಕಗಳ ಹೋರಾಟದ ಫಲ ಇದು, ಯಾರೂ ದಾನವಾಗಿ ಕೊಟ್ಟದ್ದಲ್ಲ. ಆದರೆ ಆಟೋ ಟಿಪ್ಪರ್ ಚಾಲಕರು, ಸಹಾಯಕರು, ಲೋಡರುಗಳು 2017ರ ಬದಲಾವಣೆಯಿಂದ ಹೊರಗುಳಿದರು. ಒಂದೇ ಬೀದಿಯಲ್ಲಿ, ಒಂದೇ ಕಸದ ಮುಂದೆ, ಗುಡಿಸುವವರಿಗೆ ಒಂದು ಸಂಬಂಧ, ಎತ್ತುವವರಿಗೆ ಇನ್ನೊಂದು. ಸೇವೆಯನ್ನು ಹೊರಗಿನಿಂದ ಕೊಳ್ಳಬೇಕೋ ತಾನೇ ನಡೆಸಬೇಕೋ ಎಂಬ ಪ್ರಶ್ನೆಯನ್ನು ಖರೀದಿ ಕಾನೂನು ಕೇಳುವುದೇ ಇಲ್ಲ. ಕೊಳ್ಳುವುದು ತೀರ್ಮಾನವಾದ ಮೇಲೆ ಹೇಗೆ ಕೊಳ್ಳಬೇಕು ಎಂಬಲ್ಲಿಂದ ಅದು ಶುರುವಾಗುತ್ತದೆ. ಪೌರಕಾರ್ಮಿಕರ ಹೋರಾಟ ಆ ಮೊದಲಿನ ಪ್ರಶ್ನೆಯನ್ನೇ ಎತ್ತಿತು.

ಇನ್ನು ಅಳತೆ ಪುಸ್ತಕ. ಎಂ.ಬಿ. ಎಂದೇ ಕಚೇರಿಗಳಲ್ಲಿ ಕರೆಸಿಕೊಳ್ಳುವ ಈ ದಾಖಲೆಯಲ್ಲಿ ಕೆಳಹಂತದ ಎಂಜಿನಿಯರು ಸ್ಥಳದಲ್ಲಿ ಅಳೆದ ಉದ್ದ, ಅಗಲ, ದಪ್ಪ ಬರೆಯುತ್ತಾರೆ. ಮೇಲಿನವರು ತಾಳೆ ನೋಡುತ್ತಾರೆ. ಅದರ ಆಧಾರದಲ್ಲಿ ಬಿಲ್ ಹುಟ್ಟುತ್ತದೆ. ಪಾಲಿಕೆಯ ಹಣ ಹೊರಹೋಗುವುದು ಟೆಂಡರ್ ಅಂಗೀಕಾರದ ಬಲದಿಂದಲ್ಲ, ಈ ಪುಟದ ಬಲದಿಂದ. 2011ರಲ್ಲಿ ಪಾಲಿಕೆಯದೇ ತಾಂತ್ರಿಕ ಜಾಗೃತಿ ಕೋಶ ಮಲ್ಲೇಶ್ವರ, ರಾಜರಾಜೇಶ್ವರಿನಗರ, ಗಾಂಧಿನಗರ ವಿಭಾಗಗಳ ಕಾಮಗಾರಿ ಬಿಲ್ಲುಗಳಲ್ಲಿ ಅಕ್ರಮದ ವರದಿ ಕೊಟ್ಟು, ತನಿಖೆ ಸಿಐಡಿಗೆ ಹೋಯಿತು. ಇ-ಸಂಗ್ರಹಣೆ ಬಂದು ನಾಲ್ಕು ವರ್ಷವಾಗಿತ್ತು ಎಂಬುದನ್ನು ನೆನೆಯಬೇಕು. ಕಡತ ಎಲ್ಲಿ ಬೆಳಕಿಗೆ ತೆರೆದಿತ್ತೋ ಅಲ್ಲಿಂದ ಸಂದೇಹ ಕತ್ತಲಿದ್ದ ಕಡೆಗೆ ಸರಿದಿತ್ತು.

ಬಿಲ್ ಬರೆದ ಮಾತ್ರಕ್ಕೆ ಹಣ ಬರುವುದಿಲ್ಲ, ಮತ್ತು ಇದು ಗುತ್ತಿಗೆದಾರರ ಕಡೆಯ ನ್ಯಾಯವಾದ ಅಳಲು. ಪಾಲಿಕೆಯ ಬಜೆಟ್ಟಿನಲ್ಲಿ ಬಾರದ ಆದಾಯವನ್ನು ಬರುವುದೆಂದು ತೋರಿಸಿ, ಅದರ ಮೇಲೆ ಕಾಮಗಾರಿಗಳನ್ನು ಮಂಜೂರು ಮಾಡಿ, ಕಾಮಗಾರಿಯ ಗುರುತು ಸಂಖ್ಯೆಯಾದ ಜಾಬ್ ಕೋಡ್ ಕೊಟ್ಟು, ಕೆಲಸ ಮುಗಿದ ಮೇಲೆ ಹಣವಿಲ್ಲ ಎನ್ನುವುದು ಹಳೆಯ ರೋಗ. ಬಿಲ್ಲುಗಳು ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲುತ್ತವೆ. ಜ್ಯೇಷ್ಠತೆಯ ಕ್ರಮದಲ್ಲೇ ಪಾವತಿ ಎಂಬ ನಿಯಮವಿದ್ದರೂ, ಆ ಸಾಲಿನಲ್ಲಿ ಯಾರನ್ನು ಮುಂದೆ ಬಿಡಬೇಕು ಎಂಬ ವಿವೇಚನೆ ಯಾರ ಕೈಯಲ್ಲಿದೆಯೋ ಅವರಿಗೆ ಟೆಂಡರ್ ಪ್ರಾಧಿಕಾರಕ್ಕಿಂತ ಹೆಚ್ಚು ಬಲ. ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ. 40ರ ಕಮಿಷನ್ ಆರೋಪ ಮಾಡಿದಾಗ, ಕೆಲಸ ಆರಂಭಕ್ಕೆ ಮಾತ್ರವಲ್ಲ, ಬಿಲ್ ಬಿಡುಗಡೆಗೂ ಹಣ ಕೇಳಲಾಗುತ್ತದೆ ಎಂದಿತು. ಆ ಆರೋಪಗಳ ವಿಚಾರಣೆಗೆ 2023ರಲ್ಲಿ ನೇಮಕವಾದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 2025ರಲ್ಲಿ ವರದಿ ಸಲ್ಲಿಸಿತು. ಆರೋಪದ ಸತ್ಯಾಸತ್ಯ ಒಂದು ವಿಷಯ. ಅದು ಬೆರಳು ತೋರಿಸಿದ ಜಾಗ ಇನ್ನೊಂದು ವಿಷಯ, ಈ ಅಧ್ಯಯನಕ್ಕೆ ಮುಖ್ಯವಾದದ್ದು ಎರಡನೆಯದು. ಪಾವತಿ ತಡವಾಗುತ್ತದೆಂದು ತಿಳಿದ ಗುತ್ತಿಗೆದಾರ ಆ ಬಡ್ಡಿಯನ್ನು ತನ್ನ ದರದಲ್ಲೇ ಸೇರಿಸುತ್ತಾನೆ, ಇಲ್ಲವೇ ಕೆಲಸದಲ್ಲಿ ಕಡಿತ ಮಾಡುತ್ತಾನೆ. ಎರಡರಲ್ಲೂ ನಷ್ಟ ನಗರಕ್ಕೇ.

ಸಣ್ಣ ಉದ್ದಿಮೆಗಳಿಂದ ಕೊಂಡದ್ದಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಕೇಂದ್ರ ಕಾಯ್ದೆ ಹೇಳುತ್ತದೆ. ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುವುದೇ ಎಂಬುದು ನ್ಯಾಯಾಲಯಗಳಲ್ಲಿ ವಿವಾದದ ವಿಷಯ. ರಾಜ್ಯದ ಪಾರದರ್ಶಕತೆ ಕಾಯ್ದೆಯಲ್ಲಿ ಇಂಥ ಗಡುವಿಲ್ಲ. ತಡವಾದ ಪಾವತಿಯ ಪೆಟ್ಟು ಎಲ್ಲರಿಗೂ ಸಮವಾಗಿ ಬೀಳುವುದಿಲ್ಲ. ರಾಜ್ಯದ ಪಾರದರ್ಶಕತೆ ಕಾಯ್ದೆಗೇ ತಿದ್ದುಪಡಿ ತಂದು, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲಾತಿ ಕೊಡಲಾಯಿತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ತಲೆಮಾರುಗಳಿಂದ ಗುತ್ತಿಗೆಯ ಲೋಕದಿಂದ ಹೊರಗಿದ್ದವರನ್ನು ಒಳಗೆ ಕರೆತಂದ ಈ ಕ್ರಮ ಸಂಪೂರ್ಣ ಸಮರ್ಥನೀಯ. ಆದರೆ ಹಾಗೆ ಬಂದ ಹೊಸಬರಿಗೆ ಎರಡು ವರ್ಷ ಹಣಕ್ಕೆ ಕಾಯುವ ಬಂಡವಾಳವಿಲ್ಲ. ಹಳೆಯ ದೊಡ್ಡ ಗುತ್ತಿಗೆದಾರರಿಗೆ ಇದೆ. ಪಾವತಿಯ ಶಿಸ್ತಿಲ್ಲದೆ ಕೊಟ್ಟ ಪ್ರವೇಶ ಕಾಗದದ ಮೇಲಿನ ಪ್ರವೇಶವಾಗುವ ಅಪಾಯವಿದೆ.

2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾಗಿ, ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಹಿಂದಿನ ಸಂಸ್ಥೆಯ ಚಾಲ್ತಿ ಗುತ್ತಿಗೆ, ಬಾಕಿ ಬಿಲ್, ದೋಷ ಹೊಣೆಗಾರಿಕೆ ಅವಧಿಯೊಳಗಿನ ರಸ್ತೆಗಳು ಈಗ ಇವುಗಳ ಪಾಲಿಗೆ ಬಂದಿವೆ. ಯಾವ ರಸ್ತೆಯ ಹೊಣೆ ಯಾವ ಗುತ್ತಿಗೆದಾರನದು, ಎಲ್ಲಿಯವರೆಗೆ ಎಂಬ ಪಟ್ಟಿ ವಾರ್ಡುವಾರು ಪ್ರಕಟವಾಗದಿದ್ದರೆ ಗಡಿ ಬದಲಾವಣೆಯಲ್ಲಿ ಆ ಹೊಣೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಟೆಂಡರ್ ಪ್ರಕಟಿಸುವ ವೇದಿಕೆಯಲ್ಲೇ ಅದೇ ಜಾಬ್ ಕೋಡ್ ಅಡಿ ಅಳತೆ ಪುಸ್ತಕದ ಪುಟಗಳನ್ನು, ಬಿಲ್ ಸಲ್ಲಿಕೆಯಾದ ಮತ್ತು ಪಾವತಿಯಾದ ದಿನಾಂಕಗಳನ್ನು, ಹೊಣೆಗಾರಿಕೆ ಅವಧಿ ಮುಗಿಯುವ ದಿನವನ್ನು ಸೇರಿಸಬಹುದು. 2000ದ ನಿಯಮಗಳಿಗೆ ಒಂದು ಹೊಸ ಅಧ್ಯಾಯ ಸೇರಿಸಿ ಈ ನಾಲ್ಕನ್ನು ಟೆಂಡರ್ ಪ್ರಕಟಣೆಯಷ್ಟೇ ಕಡ್ಡಾಯಗೊಳಿಸಲು ರಾಜ್ಯ ಸರ್ಕಾರಕ್ಕೆ ಸಾಧ್ಯ. ಅಲ್ಲಿಯವರೆಗೆ ಕಾಯದೆ ಐದು ಪಾಲಿಕೆಗಳಲ್ಲಿ ಯಾವುದಾದರೊಂದು ತನ್ನ ಆಯುಕ್ತರ ಆದೇಶದ ಮೂಲಕವೇ ಇದನ್ನು ಆರಂಭಿಸಬಹುದು.