ಧಾರವಾಡ ಸೀಮೆಯ ಶಂಖ

ಕಡಲಿನ ಮುಖವನ್ನೇ ಕಾಣದೆ ಬಾಳಿದ ಎಷ್ಟೋ ಹಿರಿಯರ ಮನೆಗಳಲ್ಲಿ, ಹುಬ್ಬಳ್ಳಿ-ಧಾರವಾಡಗಳ ಸುತ್ತಿನ ಹಳ್ಳಿಹಳ್ಳಿಗಳಲ್ಲಿ, ದೇವರ ಜಗುಲಿಯ ಮೇಲೆ ಕಡಲ ಜೀವಿಯೊಂದರ ಕವಚವು ತಲೆಮಾರುಗಳಿಂದ ಪೂಜೆಗೊಳ್ಳುತ್ತ ಬಂದಿದೆ. ಶನಿವಾರದ ಬೆಳಗಿನಲ್ಲಿ ದಾಸಯ್ಯನು ಓಣಿಯಲ್ಲಿ ನಿಂತು ಊದುವುದೂ ಅದನ್ನೇ, ಶವದ ಮುಂದೆ ಜಾಗಟೆಯೊಡನೆ ಮೊಳಗುವುದೂ ಅದೇ. ಶಂಖದಿಂದ ಬಂದರೇ ತೀರ್ಥವೆಂದು ದಿನವೂ ಆಡುವ ನಾವು, ಆ ಶಂಖವೆಲ್ಲಿಂದ ಬಂತೆಂದು ಕೇಳಿದ್ದು ಮಾತ್ರ ವಿರಳ.

ಪೂರ್ವದಲ್ಲಿ ಈ ನಾಡಿನ ರಾಜಸಭೆಗಳಲ್ಲಿಯೂ ಅದಕ್ಕೆ ಸ್ಥಾನವಿತ್ತು. ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿ ಪಲಸಿಗೆ ಪನ್ನಿರ್ಚ್ಛಾಸಿರವನ್ನಾಳಿದ ಗೋವೆಯ ಕದಂಬರೂ, ಪಾನುಂಗಲ್ಲು ಐನೂರನ್ನಾಳಿದ ಹಾನಗಲ್ಲಿನ ಕದಂಬರೂ ತಮ್ಮ ಶಾಸನಗಳಲ್ಲಿ ಧರಿಸಿದ ‘ಸಮಧಿಗತ ಪಂಚಮಹಾಶಬ್ದ’ವೆಂಬ ಬಿರುದು, ಐದು ವಾದ್ಯಗಳನ್ನು ತಮ್ಮ ಮುಂದೆ ನುಡಿಸಿಕೊಳ್ಳುವ ಅಧಿಕಾರವನ್ನು ಸೂಚಿಸುತ್ತದೆ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೇ ಆ ಐದೆಂದು ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯು ಎಣಿಸುತ್ತದೆ. ಇವುಗಳಲ್ಲಿ ಮನುಷ್ಯನ ಕೈಯಿಂದ ಎರಕಗೊಳ್ಳದೆ, ಬಿಗಿಯಲ್ಪಡದೆ, ತುದಿಯನ್ನು ಕೊಯ್ದೊಡನೆಯೇ ನುಡಿಯತಕ್ಕದ್ದು ಶಂಖ ಮತ್ತು ಕೊಂಬು ಎರಡೇ. ಹುಬ್ಬಳ್ಳಿಗೆ ಸಮೀಪದ ಕೋಳಿವಾಡದವನೆಂದು ಪ್ರಸಿದ್ಧನಾದ ಕುಮಾರವ್ಯಾಸನು ಕನ್ನಡಕ್ಕೆ ತಂದ ಭಾರತಕಥೆಯಲ್ಲಿ ಪಾಂಚಜನ್ಯ, ದೇವದತ್ತಗಳು ವೀರರಷ್ಟೇ ಹೆಸರುವಾಸಿಯಾದವು.

ಆದರೆ ಪಾಂಚಜನ್ಯದ ಮೂಲಕಥೆಯನ್ನು ಇಲ್ಲಿ ನೆನೆಯಲೇಬೇಕು. ಸಾಂದೀಪನಿಯ ಮಗನನ್ನು ಅಪಹರಿಸಿದನೆಂದು, ಶಂಖರೂಪದಿಂದ ಕಡಲಲ್ಲಿ ಸಂಚರಿಸುತ್ತಿದ್ದ ಪಂಚಜನನೆಂಬ ದೈತ್ಯನನ್ನು ಶ್ರೀಕೃಷ್ಣನು ಕೊಂದು, ಅವನ ದೇಹದಿಂದಲೇ ಆ ಶಂಖವನ್ನು ಪಡೆದನೆಂದು ಭಾಗವತವು ಹೇಳುತ್ತದೆ. ಚಿಪ್ಪಿನೊಳಗೆ ಬೇಟೆಗಾರನಿರುವನೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂದೇ ನನ್ನ ನಂಬಿಕೆ. ಪೂಜೆಯ ಶಂಖದ ಪ್ರಾಣಿ ಮಾಂಸಾಹಾರಿಯೇ ಹೌದು. ಮರಳಿನಲ್ಲಿ ಕೊಳವೆ ಕಟ್ಟಿಕೊಂಡು ಬದುಕುವ ಹುಳುಗಳೇ ಅದರ ಆಹಾರ. ಅದರ ದಾಯಾದಿಗಳನ್ನು ಕಾರವಾರದ ಬಂಡೆಗಳ ಮೇಲೆ ನೋಡಬಹುದು. ಅಂಗುಲ ಎರಡಂಗುಲದ ಆ ಶಂಖದ ಹುಳುಗಳು ಗರಗಸದಂಥ ನಾಲಗೆಯಿಂದಲೂ ಸುಣ್ಣವನ್ನು ಕರಗಿಸುವ ಸ್ರಾವದಿಂದಲೂ ಸಿಂಪಿಯ ಚಿಪ್ಪನ್ನು ಕೊರೆದು, ಒಳಗಿನ ಜೀವವನ್ನು ಹೀರಿಬಿಡುತ್ತವೆ. ಅಚ್ಚುಕಟ್ಟಾದ ದುಂಡು ರಂಧ್ರವೊಂದೇ ಉಳಿಯುವ ಸಾಕ್ಷಿ.

ಪೂಜೆಯ ಶಂಖವಾದರೋ ನಮ್ಮ ಕರಾವಳಿಯದಲ್ಲ. ತೂತ್ತುಕುಡಿ, ರಾಮೇಶ್ವರಗಳ ಕಡಲಿನಲ್ಲಿ ಮುಳುಗುಗಾರರು ತಳಕ್ಕಿಳಿದು ಅದನ್ನು ಕೈಯಿಂದಲೇ ಆಯುತ್ತಿದ್ದರು. ಆ ಉದ್ಯಮವನ್ನು ಜೇಮ್ಸ್ ಹಾರ್ನೆಲ್ಲನು 1914ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸವಿಸ್ತಾರವಾಗಿ ವರ್ಣಿಸಿದ್ದಾನೆ. ಬಹುಪಾಲು ಸರಕು ಬಳೆಗಾಗಿ ಬಂಗಾಳಕ್ಕೆ ಹೋಗುತ್ತಿತ್ತು. ಮೇಲಣ ಕಂದು ಸಿಪ್ಪೆಯನ್ನು ಕೆರೆದಮೇಲೆಯೇ ನಾವು ಕಾಣುವ ಬಿಳುಪು ಹೊರಬೀಳುವುದು.

ಓದುಗರಲ್ಲಿ ಒಂದು ವಿನಂತಿ: ಮನೆಯ ಶಂಖವನ್ನು ತೊಳೆಯುವಾಗ ಅದರ ಬಾಯೊಳಗೆ ಬೆರಳಿಟ್ಟು ನೋಡಿರಿ. ನಡುಗಂಬದ ಮೇಲೆ ಮೂರು ನಾಲ್ಕು ಏಣುಗಳು ತಾಕುತ್ತವೆ. ಒಳಗಿದ್ದ ಪ್ರಾಣಿಯ ಸ್ನಾಯುವು ಹಿಡಿದು ನಿಂತಿದ್ದುದು ಆ ಕಂಬವನ್ನೇ.