ಕ್ಯಾಲಿಫೋರ್ನಿಯಾದಲ್ಲಿ ಹೊರರಾಜ್ಯದ ಕಾರುಗಳ ನೋಂದಣಿ

ಅಮೆರಿಕ ಸಂಯುಕ್ತ ಸಂಸ್ಥಾನದ ಬೇರೊಂದು ರಾಜ್ಯದಲ್ಲಿ ಕೊಂಡ ಕಾರನ್ನು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನೋಂದಾಯಿಸಲು ಮಾಲೀಕತ್ವದ ದಾಖಲೆ ಮತ್ತು ಶುಲ್ಕ ಮಾತ್ರ ಸಾಲದು. ಆ ಕಾರು ರಾಜ್ಯದ ಹೊರಸೂಸುವಿಕೆ ನಿಯಮಗಳಿಗೂ ಒಳಪಡಬೇಕು. ಈ ನಿಯಮಗಳಲ್ಲಿ ಮುಖ್ಯವಾದುದನ್ನು ೭,೫೦೦ ಮೈಲಿ ನಿಯಮ ಎಂದು ಕರೆಯಲಾಗುತ್ತದೆ. ನೋಂದಣಿಯ ಕೆಲಸವನ್ನು ರಾಜ್ಯದ ಮೋಟಾರು ವಾಹನ ಇಲಾಖೆಯೂ, ಹೊರಸೂಸುವಿಕೆಯ ಮಿತಿಗಳನ್ನು ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯೂ ನೋಡಿಕೊಳ್ಳುತ್ತವೆ.

ಹಿನ್ನೆಲೆ

೧೯೪೦ರ ದಶಕದಿಂದ ಲಾಸ್ ಏಂಜಲೀಸ್ ನಗರವನ್ನು ದಟ್ಟವಾದ ಹೊಗೆಮಂಜು ಕಾಡುತ್ತಿತ್ತು. ವಾಹನಗಳಿಂದಲೂ ತೈಲ ಶುದ್ಧೀಕರಣಾಗಾರಗಳಿಂದಲೂ ಹೊರಬರುವ ಹೈಡ್ರೋಕಾರ್ಬನ್‌ಗಳು ಮತ್ತು ಸಾರಜನಕದ ಆಕ್ಸೈಡ್‌ಗಳು ಬಿಸಿಲಿನಲ್ಲಿ ವರ್ತಿಸಿ ಓಜೋನ್ ಉಂಟುಮಾಡುತ್ತವೆ ಎಂಬುದನ್ನು ೧೯೫೦ರ ದಶಕದ ಆರಂಭದಲ್ಲಿ ಕ್ಯಾಲ್‌ಟೆಕ್‌ನ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್ ತೋರಿಸಿಕೊಟ್ಟರು. ೧೯೬೬ರಲ್ಲಿ ಕ್ಯಾಲಿಫೋರ್ನಿಯಾವು ದೇಶದಲ್ಲಿಯೇ ಮೊದಲ ಬಾರಿಗೆ ಕಾರುಗಳ ಹೊಗೆಗೆ ಮಿತಿ ವಿಧಿಸಿತು. ಮರುವರ್ಷ ವಾಯು ಸಂಪನ್ಮೂಲ ಮಂಡಳಿ ಸ್ಥಾಪನೆಯಾಗಿ, ಹಾಗನ್-ಸ್ಮಿಟ್ ಅದರ ಮೊದಲ ಅಧ್ಯಕ್ಷರಾದರು.

ಅದೇ ೧೯೬೭ರಲ್ಲಿ ಒಕ್ಕೂಟದ ಶಾಸನಸಭೆಯು ಹೊಸ ವಾಹನಗಳಿಗೆ ಪ್ರತ್ಯೇಕ ಮಿತಿ ವಿಧಿಸುವ ಅಧಿಕಾರವನ್ನು ರಾಜ್ಯಗಳಿಂದ ಹಿಂತೆಗೆದುಕೊಂಡಿತಾದರೂ, ಅದಾಗಲೇ ಸ್ವಂತ ನಿಯಮ ಹೊಂದಿದ್ದ ಕ್ಯಾಲಿಫೋರ್ನಿಯಾಕ್ಕೆ ವಿನಾಯಿತಿ ಕೇಳುವ ಅವಕಾಶ ಉಳಿಯಿತು. ಇದರ ಫಲವಾಗಿ ತಯಾರಕರು ಎರಡು ಬಗೆಯ ಕಾರುಗಳನ್ನು ಮಾರತೊಡಗಿದರು. ಒಕ್ಕೂಟದ ಮಿತಿಗೆ ಮಾತ್ರ ಹೊಂದುವವು '೪೯ ರಾಜ್ಯಗಳ ಕಾರು'. ಕ್ಯಾಲಿಫೋರ್ನಿಯಾದ ಮಿತಿಗೂ ಹೊಂದುವವು '೫೦ ರಾಜ್ಯಗಳ ಕಾರು'. ೨೦೧೭ರ ಮಾದರಿಗಳಿಂದ ಜಾರಿಗೆ ಬಂದ ಒಕ್ಕೂಟದ ಮೂರನೇ ಶ್ರೇಣಿಯ ಮಿತಿಗಳು ಕ್ಯಾಲಿಫೋರ್ನಿಯಾದ ಮಿತಿಗಳಿಗೆ ಬಹಳ ಹತ್ತಿರವಾಗಿರುವುದರಿಂದ ಈ ವ್ಯತ್ಯಾಸ ಈಗ ತಗ್ಗಿದೆ. ಆದರೂ ಪ್ರಮಾಣಪತ್ರದ ಅಗತ್ಯ ಹೋಗಿಲ್ಲ.

೭,೫೦೦ ಮೈಲಿ ನಿಯಮ

ರಾಜ್ಯದ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆಯ ಪ್ರಕಾರ, ಕ್ಯಾಲಿಫೋರ್ನಿಯಾದ ನಿವಾಸಿಯು ಪಡೆಯುವ ವೇಳೆಗೆ ೭,೫೦೦ ಮೈಲಿಗಿಂತ (ಸುಮಾರು ೧೨,೦೭೦ ಕಿ.ಮೀ.) ಕಡಿಮೆ ಓಡಿರುವ ವಾಹನವನ್ನು 'ಹೊಸ ವಾಹನ' ಎಂದು ಪರಿಗಣಿಸಲಾಗುತ್ತದೆ. ಇಂತಹ ವಾಹನಕ್ಕೆ ಕ್ಯಾಲಿಫೋರ್ನಿಯಾದ ಪ್ರಮಾಣಪತ್ರ ಇರಲೇಬೇಕು. ಇಲ್ಲದಿದ್ದರೆ ನೋಂದಣಿ ದೊರೆಯುವುದಿಲ್ಲ. ಇಲ್ಲಿ 'ಹೊಸ' ಎಂಬ ಮಾತಿಗೆ ಲೋಕರೂಢಿಯ ಅರ್ಥವಿಲ್ಲ. ಟೆಕ್ಸಸ್‌ನಲ್ಲಿ ಒಬ್ಬರು ೫,೦೦೦ ಮೈಲಿ ಓಡಿಸಿ ಮಾರಿದ ಕಾರು ಕೊಳ್ಳುವವರ ದೃಷ್ಟಿಯಲ್ಲಿ ಹಳೆಯದು, ಈ ಕಾನೂನಿನ ದೃಷ್ಟಿಯಲ್ಲಿ ಹೊಸದು.

ಹೆಚ್ಚಿನ ತೊಂದರೆ ಹುಟ್ಟುವುದು ಈ ಅಂಶದಿಂದಲೇ. ಕಡಿಮೆ ಬೆಲೆಗೆ ಸಿಗುತ್ತದೆಂದು ನೆರೆಯ ಅರಿಜೋನಾದಲ್ಲಿ ೪೯ ರಾಜ್ಯಗಳ ಕಾರನ್ನು ಕೊಂಡು ತಂದ ನಿವಾಸಿಯು ಪೂರ್ಣ ಹಣ ತೆತ್ತ ಮೇಲೂ ಅದನ್ನು ತನ್ನ ಊರಿನಲ್ಲಿ ನೋಂದಾಯಿಸಲಾರ. ಸಾಮಾನ್ಯವಾಗಿ ಅದನ್ನು ರಾಜ್ಯದ ಹೊರಗೆ ಮಾರುವುದೇ ಉಳಿಯುವ ದಾರಿ. ಲೆಕ್ಕಕ್ಕೆ ಬರುವುದು ಕೊಂಡ ದಿನದ ಒಡೋಮೀಟರ್ ಅಂಕಿಯಾದ್ದರಿಂದ, ಅನಂತರ ೭,೫೦೦ ಮೈಲಿ ದಾಟುವಂತೆ ಓಡಿಸಿ ತಂದರೂ ಪ್ರಯೋಜನವಿಲ್ಲ. ಹೊಗೆ ತಪಾಸಣೆಯಲ್ಲಿ ಕಾರು ತೇರ್ಗಡೆಯಾಗುವುದೂ ಪ್ರಮಾಣಪತ್ರಕ್ಕೆ ಬದಲಿಯಲ್ಲ. ಕೊಳ್ಳುವ ಮೊದಲೇ ಇದನ್ನು ತಿಳಿಯುವ ಬಗೆ ಸರಳವಾಗಿದೆ: ಬಾನೆಟ್‌ನ ಅಡಿಯಲ್ಲಿ ಅಂಟಿಸಿರುವ ಹೊರಸೂಸುವಿಕೆ ಮಾಹಿತಿಯ ಪಟ್ಟಿಯಲ್ಲಿ ಕಾರು ಕ್ಯಾಲಿಫೋರ್ನಿಯಾದ ನಿಯಮಗಳಿಗೂ ಹೊಂದುತ್ತದೆ ಎಂಬ ಉಲ್ಲೇಖ ಇರಬೇಕು.

೭,೫೦೦ ಮೈಲಿ ಅಥವಾ ಅದಕ್ಕೂ ಹೆಚ್ಚು ಓಡಿದ ಕಾರಿಗೆ ಒಕ್ಕೂಟದ ಪಟ್ಟಿ ಇದ್ದರೆ ಸಾಕು. ಭಾರತದಂತಹ ಹೊರದೇಶದ ಮಾರುಕಟ್ಟೆಗಾಗಿ ತಯಾರಾದ, ಎರಡೂ ಪಟ್ಟಿಗಳಿಲ್ಲದ ಕಾರುಗಳಿಗೆ ಬೇರೆಯೇ ಆದ, ವೆಚ್ಚದಾಯಕ ಪರಿವರ್ತನೆ ಮತ್ತು ಪರೀಕ್ಷೆಯ ವಿಧಾನವಿದೆ.

ವಿನಾಯಿತಿಗಳು

ಹಿಂದಿನ ರಾಜ್ಯದಲ್ಲಿ ವಾಸಿಸುತ್ತಿದ್ದಾಗ ಕೊಂಡು ಅಲ್ಲಿಯೇ ನೋಂದಾಯಿಸಿದ ಕಾರನ್ನು, ಅದು ಎಷ್ಟೇ ಕಡಿಮೆ ಓಡಿದ್ದರೂ, ವಲಸೆ ಬರುವವರು ತಮ್ಮೊಡನೆ ತರಬಹುದು. ಉದ್ಯೋಗನಿಮಿತ್ತ ಬೇರೆ ರಾಜ್ಯಗಳಿಂದ ಸಿಲಿಕಾನ್ ಕಣಿವೆಗೆ ಬರುವ ಕನ್ನಡಿಗರಿಗೂ ಸಾಮಾನ್ಯವಾಗಿ ಅನ್ವಯಿಸುವುದು ಈ ವಿನಾಯಿತಿಯೇ. ಇಲ್ಲಿ ಘಟನೆಗಳ ಅನುಕ್ರಮವೇ ನಿರ್ಣಾಯಕ: ಕಾರಿನ ನೋಂದಣಿ ಮೊದಲು, ಕ್ಯಾಲಿಫೋರ್ನಿಯಾದ ವಾಸ ಅನಂತರ. ಉತ್ತರಾಧಿಕಾರದಿಂದ ಅಥವಾ ವಿಚ್ಛೇದನದ ಇತ್ಯರ್ಥದಲ್ಲಿ ಬಂದ ಕಾರುಗಳಿಗೂ, ಹೊರರಾಜ್ಯದಲ್ಲಿ ಬಳಸುತ್ತಿದ್ದಾಗ ಕಳವಾದ ಅಥವಾ ದುರಸ್ತಿಗೆ ಮೀರಿ ಕೆಟ್ಟ ಕಾರಿಗೆ ಬದಲಾಗಿ ಕೊಂಡವುಗಳಿಗೂ, ಸೇನಾ ಸಿಬ್ಬಂದಿಯು ಹಿಂದಿನ ಸೇವಾಸ್ಥಳದಲ್ಲಿ ನೋಂದಾಯಿಸಿದವುಗಳಿಗೂ ವಿನಾಯಿತಿ ಇದೆ.

ನೋಂದಣಿ ಮತ್ತು ಹೊಗೆ ತಪಾಸಣೆ

ವಾಸ ಆರಂಭಿಸಿದ ೨೦ ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಭಾರತದಲ್ಲಿರುವಂತೆ ಮೂಲ ರಾಜ್ಯದಿಂದ ನಿರಾಕ್ಷೇಪಣಾ ಪತ್ರ ತರುವ ಪದ್ಧತಿ ಇಲ್ಲ. ಬದಲಿಗೆ ವಾಹನದ ಗುರುತು ಸಂಖ್ಯೆಯನ್ನು ಇಲಾಖೆಯಲ್ಲಿ ಅಥವಾ ಅಧಿಕೃತ ಪರಿಶೀಲಕರಿಂದ ಪರಿಶೀಲಿಸಿಕೊಳ್ಳಬೇಕು.

೧೯೭೬ರ ಮತ್ತು ಅನಂತರದ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯ ಪ್ರಮಾಣಪತ್ರ ಅಗತ್ಯ. ಅದು ೯೦ ದಿನಗಳವರೆಗೆ ಮಾನ್ಯ. ವಿದ್ಯುತ್ ಕಾರುಗಳಿಗೆ ಈ ತಪಾಸಣೆ ಇಲ್ಲ. ಹೊರರಾಜ್ಯದ ಕಾರುಗಳು ಇಲ್ಲಿ ವಿಫಲವಾಗಲು ಹೊಗೆಯೇ ಕಾರಣವಾಗಿರಬೇಕಿಲ್ಲ. ಬೇರೆಡೆ ಕಾನೂನುಬದ್ಧವಾಗಿ ಅಳವಡಿಸಿದ ಬದಲಿ ಕ್ಯಾಟಲಿಟಿಕ್ ಕನ್ವರ್ಟರ್ ಮಂಡಳಿಯ ಅನುಮೋದನೆ ಪಡೆದಿರದಿದ್ದರೆ ಕಣ್ಣಳತೆಯ ಪರಿಶೀಲನೆಯಲ್ಲಿಯೇ ತಿರಸ್ಕೃತವಾಗುತ್ತದೆ. ಬ್ಯಾಟರಿಯನ್ನು ಇತ್ತೀಚೆಗೆ ಕಳಚಿದ್ದರೂ ಕಾರಿನ ಗಣಕದ ಸ್ವಯಂಪರೀಕ್ಷೆಗಳು ಅಪೂರ್ಣವಾಗಿ ಉಳಿದು ತಪಾಸಣೆ ವಿಫಲವಾಗಬಹುದು.

೩೦೦ ಡಾಲರ್ ಶುಲ್ಕದ ವ್ಯಾಜ್ಯ

೧೯೯೦ರಿಂದ ಕ್ಯಾಲಿಫೋರ್ನಿಯಾವು ತನ್ನ ಪ್ರಮಾಣಪತ್ರವಿಲ್ಲದ ಹೊರರಾಜ್ಯದ ಕಾರುಗಳ ಮೊದಲ ನೋಂದಣಿಗೆ ೩೦೦ ಡಾಲರ್ 'ಹೊಗೆಮಂಜು ಪರಿಣಾಮ ಶುಲ್ಕ' ವಸೂಲು ಮಾಡುತ್ತಿತ್ತು. ಹೊಸದಾಗಿ ಬಂದು ನೆಲೆಸುವವರಿಗೆ ಇದು ಸಣ್ಣ ಮೊತ್ತವಾಗಿರಲಿಲ್ಲ. ೧೯೯೯ರಲ್ಲಿ ಜೋರ್ಡನ್ ಪ್ರಕರಣದಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವು ಈ ಶುಲ್ಕ ಅಂತರರಾಜ್ಯ ವಾಣಿಜ್ಯದ ವಿರುದ್ಧ ತಾರತಮ್ಯ ಮಾಡುತ್ತದೆ, ಆದ್ದರಿಂದ ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. ೨೦೦೦ದಲ್ಲಿ ಕಾನೂನು ಮಾಡಿ ಹಣ ಮರಳಿಸಲಾಯಿತು. ತೀರ್ಪು ಶುಲ್ಕವನ್ನಷ್ಟೇ ತೆಗೆದುಹಾಕಿತು. ೭,೫೦೦ ಮೈಲಿ ನಿಯಮ ಹಾಗೆಯೇ ಮುಂದುವರಿದಿದೆ.

ಇತರ ರಾಜ್ಯಗಳು

೧೯೭೭ರ ತಿದ್ದುಪಡಿಯಿಂದ ಇತರ ರಾಜ್ಯಗಳಿಗೂ ಕ್ಯಾಲಿಫೋರ್ನಿಯಾದ ಮಿತಿಗಳನ್ನು ಅಳವಡಿಸಿಕೊಳ್ಳಲು ಅವಕಾಶ ದೊರೆಯಿತು. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ಆರೆಗನ್, ವಾಷಿಂಗ್ಟನ್ ಮೊದಲಾದ ರಾಜ್ಯಗಳು ಅವನ್ನು ಅಳವಡಿಸಿಕೊಂಡಿದ್ದು, ಅಲ್ಲಿಯೂ ೭,೫೦೦ ಮೈಲಿಯೇ ಗಡಿಯಾಗಿದೆ.