ಹೆಸರಿನ ಪಟ್ಟಿಯಿಂದ ಹೆಸರಿನ ಮರಕ್ಕೆ

ಊರಿಗೊಂದು ಹೆಸರು, ಕೇರಿಗೊಂದು ಹೆಸರು, ಮನೆಗೊಂದು ಹೆಸರು ಇಟ್ಟುಕೊಂಡು ಬಂದವರು ನಾವು. ಗಣಕಯಂತ್ರಗಳಿಗೆ ಇದರ ಹಂಗಿಲ್ಲ. ಅವಕ್ಕೆ ಸಂಖ್ಯೆ ಸಾಕು. ನೀವು ಒಂದು ಜಾಲತಾಣದ ವಿಳಾಸವನ್ನು ಬೆರಳಚ್ಚಿಸಿದಾಗ ನಿಮ್ಮ ಯಂತ್ರ ಮೊದಲು ಮಾಡುವ ಕೆಲಸ, ಆ ಹೆಸರಿಗೆ ತಕ್ಕ ಸಂಖ್ಯೆ ಯಾವುದೆಂದು ವಿಚಾರಿಸಿಕೊಂಡು ಬರುವುದು. ಹೆಸರುಗಳು ಬಂದದ್ದು ನಮ್ಮ ಅನುಕೂಲಕ್ಕೆ. ಅವನ್ನು ಇಡುವ ಹಕ್ಕು ಯಾರದು, ಯಾವ ಲಿಪಿಯಲ್ಲಿ ಇಡಬೇಕು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬಂದವು.

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಆರ್ಪಾನೆಟ್ ಜಾಲ ಶುರುವಾದಾಗ ಅದರಲ್ಲಿದ್ದವು ನಾಲ್ಕೇ ತಾಣಗಳು. ಪ್ರತಿ ಸಂಸ್ಥೆಯೂ ತನ್ನದೇ ಹೆಸರಿನ ಪಟ್ಟಿ ಬರೆದುಕೊಳ್ಳುತ್ತಿತ್ತು. ಒಂದೇ ಯಂತ್ರವನ್ನು ಇಲ್ಲಿಯವರು ಒಂದು ಹೆಸರಿನಿಂದ, ಅಲ್ಲಿಯವರು ಇನ್ನೊಂದರಿಂದ ಕರೆಯುವುದು ಸಾಮಾನ್ಯವಾಗಿತ್ತು. 1971ರಲ್ಲಿ ಪೆಗಿ ಕಾರ್ಪ್ ಎಂಬಾಕೆ ಈ ಹೆಸರುಗಳನ್ನು ಏಕರೂಪಕ್ಕೆ ತರಬೇಕೆಂದು ಒಂದು ಟಿಪ್ಪಣಿ ಬರೆದರು. 1974ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಮಾಹಿತಿ ಕೇಂದ್ರವೇ ಅಧಿಕೃತ ಪಟ್ಟಿಯನ್ನು ಇಟ್ಟುಕೊಳ್ಳುವುದೆಂದು ಗೊತ್ತಾಯಿತು. ಹೆಸರು ಹೇಗಿರಬೇಕೆಂಬ ನಿಯಮವೂ ಆಗಲೇ ಬಂತು: ಇಂಗ್ಲಿಷಿನ 26 ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ. ಈ ಮೂವತ್ತೇಳರ ಮಾತನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ.

ಆ ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಹೊಸ ಯಂತ್ರಕ್ಕೆ ಹೆಸರು ಬೇಕೆಂದರೆ ಆ ಕೇಂದ್ರಕ್ಕೇ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸಬೇಕು. ಉಳಿದವರೆಲ್ಲರೂ ಪರಿಷ್ಕೃತ ಪಟ್ಟಿಯನ್ನು ಪೂರ್ತಿಯಾಗಿ ಇಳಿಸಿಕೊಳ್ಳಬೇಕು. ಮನೆಯಷ್ಟು ದೊಡ್ಡ ಸಂಸಾರಕ್ಕೆ ಇದು ಸರಿ. ಆದರೆ 1981ರ ಆಗಸ್ಟಿನಲ್ಲಿ 213 ಇದ್ದ ಯಂತ್ರಗಳು 1983ರ ಆಗಸ್ಟಿನಲ್ಲಿ 562 ಆದವು. ಯಂತ್ರಗಳು ಇಮ್ಮಡಿಯಾದರೆ ಪಟ್ಟಿಯೂ ಇಮ್ಮಡಿ, ಅದನ್ನು ಇಳಿಸಿಕೊಳ್ಳುವವರೂ ಇಮ್ಮಡಿ. ಅಲ್ಲಿಗೆ ಜಾಲದ ಮೇಲಿನ ಹೊರೆ ನಾಲ್ಮಡಿ. ಒಳ್ಳೆಯ ಹೆಸರುಗಳೆಲ್ಲ ಮೊದಲು ಬಂದವರ ಪಾಲಾಗುತ್ತಿದ್ದುದು ಬೇರೆ.

ಜಾನ್ ಪೋಸ್ಟೆಲ್ ಮತ್ತು ಜಾ-ಸಿಂಗ್ ಸು 1982ರಲ್ಲಿ ಹೆಸರುಗಳನ್ನು ಮರದ ಕೊಂಬೆಗಳಂತೆ ಕವಲೊಡೆಸುವ ಪದ್ಧತಿಯನ್ನು ವಿವರಿಸಿದರು. ಅದನ್ನು ಕಾರ್ಯಕ್ಕೆ ತರುವ ಬಗ್ಗೆ ಐದು ಸಲಹೆಗಳು ಮೇಜಿನ ಮೇಲಿದ್ದವು. ಇವನ್ನು ಹೊಂದಿಸಿ ಒಂದು ರಾಜಿಸೂತ್ರ ಮಾಡಿಕೊಡಿ ಎಂದು ಪೋಸ್ಟೆಲ್ ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರನ್ನು ಕೇಳಿದರು. ಮೊಕಪೆಟ್ರಿಸ್ ಐದನ್ನೂ ಬದಿಗಿಟ್ಟು ಆರನೆಯದನ್ನು ತಾವೇ ರಚಿಸಿ, 1983ರ ನವೆಂಬರಿನಲ್ಲಿ ಪ್ರಕಟಿಸಿದರು. ಹೇಳಿದ್ದನ್ನು ಮಾಡದಿರುವುದೂ ಕೆಲವೊಮ್ಮೆ ಲೋಕೋಪಕಾರವಾಗುತ್ತದೆ!

ಅವರ ಉಪಾಯ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ದೂರದ ಊರಿನ ಒಂದು ಜಮೀನಿನ ವಿವರ ಬೇಕೆಂದರೆ ರಾಜಧಾನಿಯಲ್ಲಿ ಸಿಗುವುದಿಲ್ಲ. ಇಂಥ ಜಿಲ್ಲೆಗೆ ಹೋಗಿ ಎನ್ನುತ್ತಾರೆ, ಜಿಲ್ಲೆಯವರು ತಾಲ್ಲೂಕು ತೋರಿಸುತ್ತಾರೆ, ತಾಲ್ಲೂಕಿನವರು ಹೋಬಳಿ. ಕೊನೆಗೆ ಹಿಂದಿನ ಕಾಲದ ಶಾನುಭೋಗರ ದಫ್ತರದಲ್ಲಿ ಉತ್ತರ. ಹಾಗೆಯೇ ಇಲ್ಲಿಯೂ ಬೇರಿನಲ್ಲಿರುವ ಯಂತ್ರಕ್ಕೆ ಎಲ್ಲ ಹೆಸರುಗಳೂ ಗೊತ್ತಿರಬೇಕಾಗಿಲ್ಲ. ಮುಂದಿನ ಕೊಂಬೆ ಯಾರ ವಶದಲ್ಲಿದೆ ಎಂಬುದಷ್ಟೇ ಗೊತ್ತಿದ್ದರೆ ಸಾಕು. ಒಮ್ಮೆ ದೊರೆತ ಉತ್ತರವನ್ನು ಕೇಳಿದವರು ಗೊತ್ತಾದ ಅವಧಿಯವರೆಗೆ ತಮ್ಮಲ್ಲೇ ಇಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಕೊಂಬೆಯಲ್ಲಿ ಏನು ಹೆಸರಿಡಬೇಕೆಂಬುದು ಆಯಾ ಸಂಸ್ಥೆಯ ಅಧಿಕಾರಕ್ಕೆ ಬಂತು.

ಮೇಲಿನ ಕೊಂಬೆಗಳು ಯಾವುವು? ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ 1984ರ ಅಕ್ಟೋಬರಿನಲ್ಲಿ ಇದನ್ನು ನಿರ್ಧರಿಸಿ ಬರೆದರು: ಸರ್ಕಾರಕ್ಕೆ ಗವ್, ಶಿಕ್ಷಣಕ್ಕೆ ಇಡಿಯು, ಸೇನೆಗೆ ಮಿಲ್, ವಾಣಿಜ್ಯಕ್ಕೆ ಕಾಮ್, ಇತರ ಸಂಸ್ಥೆಗಳಿಗೆ ಆರ್ಗ್, ಜೊತೆಗೆ ದೇಶಕ್ಕೊಂದು ಎರಡಕ್ಷರದ ಸಂಕೇತ. ಇಂದು ಜಗತ್ತಿಗೆಲ್ಲ ಗೊತ್ತಿರುವ ಕಾಮ್, ಕರಡಿನಲ್ಲಿ ಸಿ-ಓ-ಆರ್ ಎಂದಿತ್ತೆಂದು ಆ ಚರ್ಚೆಗಳಲ್ಲಿದ್ದ ಕ್ರೇಗ್ ಪಾರ್ಟ್ರಿಜ್ ನೆನಪಿಸಿಕೊಂಡಿದ್ದಾರೆ. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಗಣಕ ಕಂಪನಿ ಮೊದಲ ಕಾಮ್ ಹೆಸರನ್ನು ನೋಂದಾಯಿಸಿತು.

ಹೆಸರನ್ನು ಯಾವ ತುದಿಯಿಂದ ಓದಬೇಕೆಂಬುದಕ್ಕೂ ಜಗಳವಾಯಿತೆಂದರೆ ನಿಮಗೆ ನಗು ಬರಬಹುದು. ಅಮೆರಿಕದವರು ಚಿಕ್ಕದರಿಂದ ದೊಡ್ಡದಕ್ಕೆ ಬರೆದರು: ವಿಭಾಗ, ವಿಶ್ವವಿದ್ಯಾಲಯ, ಕೊನೆಗೆ ಕ್ಷೇತ್ರ ಅಥವಾ ದೇಶ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಜಾಲದಲ್ಲಿ ದೇಶವೇ ಮೊದಲು. ನಾವು ಎರಡನ್ನೂ ಬಲ್ಲವರು. ಲಕೋಟೆಯ ಮೇಲೆ ವ್ಯಕ್ತಿಯ ಹೆಸರು ಮೊದಲು, ಊರು ಆಮೇಲೆ. ಆದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ಊರು ಮೊದಲು, ತಂದೆ ಆಮೇಲೆ, ತಾನು ಕೊನೆಗೆ. ಬ್ರಿಟನ್ನಿನ ಕ್ರಮದಲ್ಲಿ ಗಣಕವಿಜ್ಞಾನ ವಿಭಾಗದ ವಿಳಾಸ ಸಿ-ಎಸ್ ಎಂದು ಮುಗಿಯುತ್ತಿತ್ತು. ಚೆಕೊಸ್ಲೊವಾಕಿಯಾದ ಸಂಕೇತವೂ ಸಿ-ಎಸ್ ಆದಾಗ, ಅದನ್ನು ಹಿಂದಿನಿಂದ ಓದಬೇಕೋ ಮುಂದಿನಿಂದ ಓದಬೇಕೋ ತಿಳಿಯದೆ ಅಂಚೆ ದಾರಿ ತಪ್ಪುವ ಸಂಭವವಿತ್ತು. ಕೊನೆಗೆ ಅಮೆರಿಕದ ಕ್ರಮವೇ ನಿಂತಿತು. ಅದು ಹೆಚ್ಚು ತರ್ಕಬದ್ಧವಾಗಿತ್ತೆಂದು ನನಗನ್ನಿಸುವುದಿಲ್ಲ. ಅದನ್ನು ಬಳಸುವವರು ಹೆಚ್ಚಾಗಿದ್ದರು, ಅಷ್ಟೆ.

ಭಾರತಕ್ಕೆ ಇನ್ ಎಂಬ ಸಂಕೇತ 1989ರಲ್ಲಿ ದೊರೆಯಿತು. ಶಿಕ್ಷಣ ಸಂಸ್ಥೆಗಳಿಗಾಗಿ ಹುಟ್ಟಿದ ಎರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳ ಇ-ಮೇಲ್ ವಿಳಾಸದ ಕೊನೆಯಲ್ಲಿ ಐಐಎಸ್‌ಸಿ, ಎರ್ನೆಟ್, ಇನ್ ಎಂಬ ಮೂರು ತುಂಡುಗಳನ್ನು ಕಂಡವರು ನಮ್ಮಲ್ಲಿ ಇದ್ದಾರೆ. ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಿಂದ.

ಇನ್ನು ಆ ಮೂವತ್ತೇಳು ಚಿಹ್ನೆಗಳ ವಿಷಯ. ಮೆನ್ಲೊ ಪಾರ್ಕಿನ ಪಟ್ಟಿಗಾಗಿ ಮಾಡಿದ ನಿಯಮ, ಪಟ್ಟಿ ಹೋದ ಮೇಲೂ ಉಳಿಯಿತು. ಕನ್ನಡ, ಅರಬ್ಬಿ, ಚೀನಿ ಯಾವುದಕ್ಕೂ ಹೆಸರಿನಲ್ಲಿ ಜಾಗವಿರಲಿಲ್ಲ. 2003ರಲ್ಲಿ ಒಂದು ಮಾರ್ಗ ಕಂಡುಕೊಂಡರು. ಬೇರೆ ಲಿಪಿಯ ಹೆಸರನ್ನು ಲೆಕ್ಕಾಚಾರದಿಂದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಇಳಿಸಿ, ಗುರುತಿಗಾಗಿ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳನ್ನು ಮುಂದೆ ಹಚ್ಚುವುದು. ಹೀಗಾಗಿ ಈಗ ಕನ್ನಡ ಲಿಪಿಯಲ್ಲೇ ಭಾರತ ಎಂಬ ಕೊಂಬೆ ಇದೆ. ನಿಮ್ಮ ಪರದೆಯ ಮೇಲೆ ಅದು ಕನ್ನಡವಾಗಿಯೇ ಕಾಣುತ್ತದೆ. ಬೇರಿನ ಕಡತದಲ್ಲಿ ಮಾತ್ರ ಅದರ ಹೆಸರು ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ.